ಕೂಡಿಕೊಂಡ ಮಾತ್ರಕ್ಕೆ ಹೊಂದಿಕೊಂಡಂತಲ್ಲ: 50 ಓಮ್ ಮತ್ತು 75 ಓಮ್ ಕನೆಕ್ಟರುಗಳ ಲೆಕ್ಕಾಚಾರ

ಬೆಳಗಾವಿಯ ಖಡೇಬಜಾರಿನ ಸುತ್ತಮುತ್ತ ಇರಲಿ, ವಿಜಯಪುರದ ಗಾಂಧಿ ಚೌಕದ ಆಸುಪಾಸಿನಲ್ಲಿರಲಿ, ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಕ್ಯಾಮೆರಾ ಕೇಬಲಿನ ತುದಿಗೆ ಹಾಕುವ ಬಿಎನ್‌ಸಿ ಕನೆಕ್ಟರ್, ಅಂದರೆ ಆಡುಮಾತಿನ ಬಿಎನ್‌ಸಿ ಪಿನ್, ಕೇಳಿದರೆ ಒಂದೇ ಡಬ್ಬಿಗೆ ಕೈಹಾಕಿ ಎಣಿಸಿ ಕೊಡುತ್ತಾರೆ. 50 ಓಮ್‌ನದು ಬೇಕೋ 75 ಓಮ್‌ನದೋ ಎಂಬ ಮಾತು ಬರುವುದು ಅಪರೂಪ. ಅಗ್ಗದ ಪಿನ್ನುಗಳ ಮೇಲೆ ಅದನ್ನು ಬರೆದಿರುವುದೂ ಇಲ್ಲ. ಕೇಬಲ್ ಟಿವಿಯವರು, ದೂರಸಂಪರ್ಕ ಇಲಾಖೆಯ ಎಂಜಿನಿಯರುಗಳು ಮಾತ್ರ ತಲೆಕೆಡಿಸಿಕೊಳ್ಳುತ್ತಿದ್ದ ಈ ಪ್ರಶ್ನೆ ಈಗ ಸಾಮಾನ್ಯರ ಮನೆಬಾಗಿಲಿಗೆ ಬಂದಿದೆ. ಜನ ಹೆಚ್ಚು ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕೆಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಅಂಗಡಿ, ಕಲ್ಯಾಣ ಮಂಟಪ, ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆ, ಹೊಲದ ಪಂಪ್‌ಹೌಸ್ ಎಲ್ಲೆಡೆ ಕೇಬಲ್ ಎಳೆಯಲಾಗುತ್ತಿದೆ. ಚಿತ್ರ ಸರಿಯಾಗಿ ಬಾರದಿದ್ದಾಗ ಯಾರೋ ಒಬ್ಬರು ‘ಪಿನ್ 50 ಓಮ್‌ನದು, ಅದಕ್ಕೇ ಹೀಗೆ’ ಎನ್ನುತ್ತಾರೆ. ಇನ್ನೊಬ್ಬರು ‘ಅದೆಲ್ಲ ಏನೂ ಆಗುವುದಿಲ್ಲ, ಕೂತರೆ ಸಾಕು’ ಎನ್ನುತ್ತಾರೆ.

ಇಬ್ಬರ ಮಾತೂ ಅದರದರ ಜಾಗದಲ್ಲಿ ಸರಿ. ಯಾವ ಜಾಗದಲ್ಲಿ ಯಾರ ಮಾತು ಸರಿ ಎಂದು ತಿಳಿಯಲು ಕೇಬಲಿನ ಒಳಗಿನಿಂದಲೇ ಆರಂಭಿಸಬೇಕು.

ಕೇಬಲನ್ನು ಸುಲಿದು ನೋಡಿದರೆ

ಡಿಶ್‌ಗೆ ಬಳಸುವ ಆರ್‌ಜಿ-6 ಕೇಬಲಿನ ತುಂಡೊಂದನ್ನು ಬ್ಲೇಡಿನಿಂದ ಸುತ್ತಲೂ ಕೊರೆದು ಬಿಚ್ಚಿ. ಮೇಲೊಂದು ಕಪ್ಪು ಅಥವಾ ಬಿಳಿ ಪ್ಲಾಸ್ಟಿಕ್ ಹೊದಿಕೆ. ಅದರ ಕೆಳಗೆ ತೀರ ಸಣ್ಣ ತಂತಿಗಳ ಹೆಣಿಗೆ, ಅದಕ್ಕೆ ಅಂಟಿಕೊಂಡಂತೆ ಹೊಳೆಯುವ ಅಲ್ಯೂಮಿನಿಯಂ ಹಾಳೆ. ಅದನ್ನೂ ಸುಲಿದರೆ ಉಗುರು ಒತ್ತಿದಲ್ಲಿ ತಗ್ಗು ಬೀಳುವ ಬಿಳಿ ಫೋಮ್. ನಟ್ಟನಡುವೆ ಸುಮಾರು 1 ಮಿಲಿಮೀಟರ್ ದಪ್ಪದ ಗಟ್ಟಿ ತಂತಿ. ನಡುವಿನ ತಂತಿಗೂ ಸುತ್ತಲಿನ ಲೋಹದ ಕವಚಕ್ಕೂ ಅಕ್ಷ ಒಂದೇ ಆಗಿರುವುದರಿಂದ ಇದು ಕೋಆಕ್ಸಿಯಲ್ ಕೇಬಲ್. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಇಂಥ ರಚನೆಗೆ ಪೇಟೆಂಟ್ ಪಡೆದಿದ್ದರು.

ಸಿಗ್ನಲ್ ನಡುವಿನ ತಂತಿಯೊಳಗೆ ಹರಿಯುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಅದು ತಂತಿಗೂ ಕವಚಕ್ಕೂ ನಡುವಿನ ಜಾಗದಲ್ಲಿ, ಅಂದರೆ ಆ ಬಿಳಿ ಫೋಮ್‌ನಲ್ಲಿ, ವಿದ್ಯುತ್‌ಕಾಂತೀಯ ಅಲೆಯಾಗಿ ಸಾಗುತ್ತದೆ. ತಂತಿ ಮತ್ತು ಕವಚ ಆ ಅಲೆಗೆ ದಾರಿ ತೋರಿಸುವ ಗೋಡೆಗಳು, ಅಷ್ಟೇ. ಈ ಒಂದು ಮಾತು ಮನದಟ್ಟಾದರೆ ಮುಂದಿನದೆಲ್ಲ ಸುಲಭ. ಅಲೆ ಸಾಗುವುದು ನಡುವಿನ ಜಾಗದಲ್ಲಿ ಎಂದಾದ ಮೇಲೆ ಆ ಜಾಗದ ಅಳತೆ ಎಲ್ಲಿ ಬದಲಾದರೂ ಅಲೆಗೆ ಅದು ಗೊತ್ತಾಗುತ್ತದೆ. ಕೇಬಲ್ ಮುಗಿದು ಕನೆಕ್ಟರ್ ಶುರುವಾಗುವ ಜಾಗವೂ ಅಂಥದ್ದೇ.

ಮೀಟರಿಗೆ ಸಿಗದ ಓಮ್

75 ಓಮ್ ಕೇಬಲನ್ನು ಮಲ್ಟಿಮೀಟರಿಗೆ ಹಚ್ಚಿ ನೋಡಿದವರಿಗೆ 75 ಎಂಬ ಅಂಕಿ ಎಲ್ಲೂ ಕಾಣಿಸುವುದಿಲ್ಲ. ನಡುವಿನ ತಂತಿಯ ಎರಡು ತುದಿ ಹಿಡಿದರೆ ಸೊನ್ನೆಯ ಹತ್ತಿರದ ಅಂಕಿ ಬರುತ್ತದೆ. ತಂತಿಗೂ ಕವಚಕ್ಕೂ ನಡುವೆ ಹಿಡಿದರೆ ಸಂಪರ್ಕವೇ ಇಲ್ಲವೆಂದು ತೋರಿಸುತ್ತದೆ. ಹಾಗಾದರೆ ಈ 75 ಏನು?

ಇದು ಕೇಬಲಿನ ವಿಶಿಷ್ಟ ಇಂಪೀಡೆನ್ಸ್. ಅಲೆಯೊಂದು ಕೇಬಲಿನಲ್ಲಿ ಸಾಗುತ್ತಿರುವಾಗ ಅದರ ವೋಲ್ಟೇಜಿಗೂ ಕರೆಂಟಿಗೂ ಇರುವ ಪ್ರಮಾಣ. 75 ಓಮ್ ಕೇಬಲಿನಲ್ಲಿ 75 ವೋಲ್ಟಿನ ಅಲೆ ಹೊರಟರೆ ಅದರ ಜೊತೆ 1 ಆಂಪಿಯರ್ ಕರೆಂಟ್ ಹೊರಡುತ್ತದೆ. 50 ಓಮ್ ಕೇಬಲಿನಲ್ಲಿ ಅಷ್ಟೇ ವೋಲ್ಟಿಗೆ ಒಂದೂವರೆ ಆಂಪಿಯರ್ ಬೇಕು. ಕೇಬಲ್ ಒಂದು ಮೀಟರ್ ಇರಲಿ, ನೂರು ಮೀಟರ್ ಇರಲಿ, ಈ ಪ್ರಮಾಣ ಬದಲಾಗುವುದಿಲ್ಲ.

ಅದನ್ನು ನಿರ್ಧರಿಸುವುದು ಎರಡೇ ಸಂಗತಿಗಳು. ಒಂದು, ಕವಚದ ಒಳವ್ಯಾಸ ನಡುವಿನ ತಂತಿಯ ವ್ಯಾಸದ ಎಷ್ಟು ಪಟ್ಟಿದೆ ಎಂಬುದು. ಇನ್ನೊಂದು, ನಡುವೆ ತುಂಬಿರುವ ವಸ್ತು. ಆರ್‌ಜಿ-6ರಲ್ಲಿ ಫೋಮ್‌ನ ವ್ಯಾಸ ಸುಮಾರು 4.6 ಮಿಲಿಮೀಟರ್, ಅಂದರೆ ತಂತಿಯ ನಾಲ್ಕೂವರೆ ಪಟ್ಟು. ಫೋಮ್‌ನಲ್ಲಿ ಗಾಳಿಯ ಗುಳ್ಳೆಗಳು ತುಂಬಿರುತ್ತವೆ. ಇವೆರಡೂ ಸೇರಿ 75 ಓಮ್ ಆಗುತ್ತದೆ. ವಾಕಿಟಾಕಿ ಆಂಟೆನಾಗಳಿಗೆ ಬಳಸುವ ಆರ್‌ಜಿ-58ರಲ್ಲಿ ನಡುವಿನ ತಂತಿ ಸುಮಾರು 0.9 ಮಿಲಿಮೀಟರ್, ಸುತ್ತಲಿನ ಗಟ್ಟಿ ಪಾಲಿಥೀನ್ ಸುಮಾರು 2.95 ಮಿಲಿಮೀಟರ್. ಪಟ್ಟು ಕಡಿಮೆ, ವಸ್ತು ಗಟ್ಟಿ. ಹಾಗಾಗಿ ಅದು 50 ಓಮ್.

ಕನೆಕ್ಟರಿಗೂ ಇದೇ ನಿಯಮ. ಒಳಗಿನ ಪಿನ್ನಿನ ದಪ್ಪ, ಹೊರಗಿನ ಲೋಹದ ಬಳೆಯ ಒಳವ್ಯಾಸ, ನಡುವಿನ ಬಿಳಿ ಪ್ಲಾಸ್ಟಿಕ್, ಈ ಮೂರೇ ಅದು ಎಷ್ಟು ಓಮ್‌ನದು ಎಂದು ತೀರ್ಮಾನಿಸುತ್ತವೆ.

ಎರಡು ಸಂಖ್ಯೆಗಳು ಏಕೆ?

ಎಲ್ಲರೂ ಒಂದೇ ಸಂಖ್ಯೆಗೆ ಒಪ್ಪಿಕೊಂಡಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಆದರೆ ಭೌತಶಾಸ್ತ್ರ ಎರಡು ಕಡೆ ಎಳೆಯುತ್ತದೆ. ನಡುವೆ ಗಾಳಿಯೇ ಇರುವ ಕೇಬಲಿನಲ್ಲಿ ಸಿಗ್ನಲ್ ಅತ್ಯಂತ ಕಡಿಮೆ ಸೋರುವುದು ಸುಮಾರು 77 ಓಮ್‌ನಲ್ಲಿ. ಅತಿ ಹೆಚ್ಚು ಶಕ್ತಿಯನ್ನು ಸಾಗಿಸಬಲ್ಲದ್ದು ಸುಮಾರು 30 ಓಮ್‌ನಲ್ಲಿ. ದೂರದಿಂದ ಬಂದ ಕ್ಷೀಣ ಸಿಗ್ನಲನ್ನು ಮನೆಯೊಳಗೆ ತರುವವರಿಗೆ ಸೋರಿಕೆ ಕಡಿಮೆಯಿರಬೇಕು. ಆದ್ದರಿಂದ ಟಿವಿ, ವಿಡಿಯೊ ಜಗತ್ತು 75ಕ್ಕೆ ನಿಂತಿತು. ಎರಡು ಕಡ್ಡಿಯ ಸಾಮಾನ್ಯ ಡೈಪೋಲ್ ಆಂಟೆನಾದ ಇಂಪೀಡೆನ್ಸ್ ಸುಮಾರು 73 ಓಮ್ ಇರುವುದೂ ಅದಕ್ಕೆ ಅನುಕೂಲವಾಯಿತು. ಪ್ರಸಾರ ಮಾಡುವವರಿಗೆ ಶಕ್ತಿಯೂ ಬೇಕು, ಸೋರಿಕೆಯೂ ಕಡಿಮೆಯಿರಬೇಕು. ಅವರು ನಡುವಿನ 50ನ್ನು ಆರಿಸಿಕೊಂಡರು. ವಾಕಿಟಾಕಿ, ಮೊಬೈಲ್ ಟವರ್, ವೈಫೈ, ಜಿಪಿಎಸ್, ಪ್ರಯೋಗಾಲಯದ ಉಪಕರಣಗಳು ಹೆಚ್ಚಾಗಿ ಈ ಪಂಗಡದವು.

ಗಡಿಯಲ್ಲಿ ನಡೆಯುವುದು

ಬಾವಿಯ ದಪ್ಪ ಮಿಣಿಗೆ ಸಣ್ಣ ಹಗ್ಗವೊಂದನ್ನು ಗಂಟು ಹಾಕಿ ಇಬ್ಬರು ಎರಡು ತುದಿ ಹಿಡಿದುಕೊಳ್ಳಲಿ. ಒಂದು ತುದಿಯನ್ನು ಝಾಡಿಸಿದರೆ ಅಲೆಯೊಂದು ಮಿಣಿಯ ಮೇಲೆ ಓಡುತ್ತದೆ. ಗಂಟಿಗೆ ತಲುಪಿದಾಗ ಅದರ ಬಹುಪಾಲು ಮುಂದಿನ ಹಗ್ಗಕ್ಕೆ ದಾಟುತ್ತದೆ, ಸ್ವಲ್ಪ ಪಾಲು ಝಾಡಿಸಿದವನ ಕೈಗೇ ಮರಳುತ್ತದೆ. ಎರಡೂ ಕಡೆ ಒಂದೇ ದಪ್ಪದ ಹಗ್ಗವಿದ್ದರೆ ಮರಳುವುದಿಲ್ಲ. ಇಂಪೀಡೆನ್ಸ್ ಬದಲಾದ ಜಾಗದಲ್ಲಿ ಕೇಬಲಿನ ಅಲೆಗೂ ಇದೇ ಆಗುತ್ತದೆ.

ಎಷ್ಟು ಮರಳುತ್ತದೆ ಎಂಬುದಕ್ಕೆ ಸರಳ ಸೂತ್ರವಿದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಬೇಕು. 75ರಲ್ಲಿ 50 ಕಳೆದರೆ 25, ಕೂಡಿದರೆ 125. ಭಾಗಿಸಿದರೆ 0.2. ಅಂದರೆ ವೋಲ್ಟೇಜಿನ ಐದನೇ ಒಂದು ಭಾಗ ಹಿಂತಿರುಗುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದರ ವರ್ಗ, ಅಂದರೆ ಶೇ 4. ಉಳಿದ ಶೇ 96 ಮುಂದೆ ಹೋಗುತ್ತದೆ. ತಂತ್ರಜ್ಞರ ಭಾಷೆಯಲ್ಲಿ ಇದು 0.18 ಡೆಸಿಬೆಲ್ ನಷ್ಟ. ಮರಳುವ ಅಲೆಯನ್ನು ಅಂದಾಜಿಸುವ ಎಸ್‌ಡಬ್ಲ್ಯೂಆರ್ ಮೀಟರಿನಲ್ಲಿ 1.5 ಎಂದು ಕಾಣಿಸುವುದೂ ಇದೇ.

ಶೇ 4 ಎಂದರೆ ಭಯಪಡುವಂಥದ್ದಲ್ಲ. ಕೇಬಲಿನ ಎರಡು ಮೀಟರ್ ಉದ್ದವೇ ಅನೇಕ ಸಂದರ್ಭಗಳಲ್ಲಿ ಅದಕ್ಕಿಂತ ಹೆಚ್ಚು ನುಂಗುತ್ತದೆ. ಚಿಂತೆ ಇರುವುದು ಕಳೆದುಹೋದ ಶೇ 4ರ ಬಗ್ಗೆಯಲ್ಲ, ಹಿಂತಿರುಗಿದ್ದರ ಬಗ್ಗೆ. ಅದು ಇನ್ನೊಂದು ಗಡಿಗೆ ಬಡಿದು ಮತ್ತೆ ಮುಂದಕ್ಕೆ ಬರುತ್ತದೆ, ಮೂಲ ಸಿಗ್ನಲಿಗಿಂತ ಕೊಂಚ ತಡವಾಗಿ ಬಂದು ಅದರೊಡನೆ ಬೆರೆಯುತ್ತದೆ.

ಪಿನ್ನಿನ ಉದ್ದ, ಅಲೆಯ ಉದ್ದ

ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ಮೇಲಿನ ಶೇ 4ರ ಲೆಕ್ಕ ಒಂದು ಗಡಿಗೆ ಸಂಬಂಧಿಸಿದ್ದು. 75 ಓಮ್ ಕೇಬಲುಗಳ ನಡುವೆ 50 ಓಮ್ ಕನೆಕ್ಟರ್ ಕೂತರೆ ಎರಡು ಗಡಿಗಳಾಗುತ್ತವೆ, ಒಳಹೋಗುವಾಗ ಒಂದು, ಹೊರಬರುವಾಗ ಒಂದು. ಈ ಎರಡು ಗಡಿಗಳಿಂದ ಮರಳುವ ಅಲೆಗಳು ಒಂದಕ್ಕೊಂದು ತಲೆಕೆಳಗಾಗಿರುತ್ತವೆ, ಒಂದು ಏರಿದಲ್ಲಿ ಇನ್ನೊಂದು ಇಳಿಯುತ್ತದೆ. ಕನೆಕ್ಟರ್ ಬಹಳ ಚಿಕ್ಕದಿದ್ದರೆ ಅವು ಒಂದನ್ನೊಂದು ಅಳಿಸಿಹಾಕುತ್ತವೆ, ಕನೆಕ್ಟರ್ ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ. ಮಿಣಿಯ ಮೇಲೆ ನಿಧಾನವಾದ ದೊಡ್ಡ ಅಲೆ ಬಂದರೆ ಸಣ್ಣ ಗಂಟು ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಸಣ್ಣ ಚುರುಕಾದ ಅಲೆಗೆ ಅದೇ ಗಂಟು ದೊಡ್ಡ ಅಡ್ಡಿ.

ಚಿಕ್ಕದು ಎಂದರೆ ಯಾವುದಕ್ಕೆ ಹೋಲಿಸಿದರೆ ಚಿಕ್ಕದು? ಸಿಗ್ನಲಿನ ಅಲೆಯುದ್ದಕ್ಕೆ. ಗಾಳಿಯಲ್ಲಿ 30 ಮೆಗಾಹರ್ಟ್ಸ್ ಸಿಗ್ನಲಿನ ಒಂದು ಅಲೆ 10 ಮೀಟರ್ ಉದ್ದವಿರುತ್ತದೆ. ಕನೆಕ್ಟರಿನೊಳಗಿನ ಬಿಳಿ ಪ್ಲಾಸ್ಟಿಕ್ ಆದ ಟೆಫ್ಲಾನ್‌ನಲ್ಲಿ ಅಲೆಯ ವೇಗ ಸುಮಾರು ಶೇ 70ಕ್ಕೆ ಇಳಿಯುವುದರಿಂದ ಅದು 7 ಮೀಟರ್ ಆಗುತ್ತದೆ. 2 ಸೆಂಟಿಮೀಟರ್ ಉದ್ದದ ಪಿನ್ ಅದರ ಮುಂದೆ ಏನೂ ಅಲ್ಲ. ಪೂರ್ತಿ 2 ಸೆಂಟಿಮೀಟರ್ 50 ಓಮ್ ಇದೆ ಎಂದೇ ಇಟ್ಟುಕೊಂಡು ಲೆಕ್ಕ ಹಾಕಿದರೂ 30 ಮೆಗಾಹರ್ಟ್ಸ್‌ನಲ್ಲಿ ಮರಳುವುದು ಶಕ್ತಿಯ ಲಕ್ಷದಲ್ಲಿ ಐದಾರು ಭಾಗ ಮಾತ್ರ. ಅದನ್ನು ಯಾವ ಪರದೆಯೂ ತೋರಿಸಲಾರದು.

ಅದೇ ಪಿನ್ನನ್ನು 2150 ಮೆಗಾಹರ್ಟ್ಸ್‌ಗೆ ಇಡಿ. ಟೆಫ್ಲಾನ್‌ನೊಳಗೆ ಈಗ ಅಲೆಯುದ್ದ ಹತ್ತು ಸೆಂಟಿಮೀಟರಿಗೂ ಕಡಿಮೆ. 2 ಸೆಂಟಿಮೀಟರ್ ಅದರ ಐದನೇ ಒಂದು ಭಾಗ. ಎರಡು ಗಡಿಗಳ ಅಲೆಗಳು ಈಗ ಒಂದನ್ನೊಂದು ಅಳಿಸುವ ಬದಲು ಕೂಡಿಕೊಳ್ಳುತ್ತವೆ, ಮರಳುವ ಶಕ್ತಿ ಸುಮಾರು ಶೇ 14ಕ್ಕೆ ಏರುತ್ತದೆ. ಪಿನ್ ಬದಲಾಗಿಲ್ಲ, ಕೇಬಲ್ ಬದಲಾಗಿಲ್ಲ, ಆವರ್ತನವೊಂದೇ ಬದಲಾಗಿದೆ. ‘50 ಓಮ್ ಪಿನ್ 75 ಓಮ್ ಕೇಬಲಿಗೆ ನಡೆಯುತ್ತದೆಯೇ’ ಎಂಬ ಪ್ರಶ್ನೆಗೆ ಆವರ್ತನ ಹೇಳದೆ ಉತ್ತರ ಕೊಡಲು ಬರುವುದಿಲ್ಲ. ಕನೆಕ್ಟರಿನ ಉದ್ದ ಅಲೆಯುದ್ದದ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ ಕೆಲಸಗಳಿಗೆ ನಿಶ್ಚಿಂತೆಯಿಂದಿರಬಹುದು.

ಕ್ಯಾಮೆರಾ ಹಾಕಿಸುವವರಿಗೆ

ಕೋಆಕ್ಸಿಯಲ್ ಕೇಬಲಿನ ಕ್ಯಾಮೆರಾಗಳಲ್ಲಿ ಹಳೆಯ ಮಾದರಿಯ ವಿಡಿಯೊ ಸಿಗ್ನಲ್ ಐದಾರು ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಎಚ್‌ಡಿ ಮಾದರಿಗಳದ್ದು ಹತ್ತಾರು ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ. ಮೇಲಿನ ಲೆಕ್ಕ ನೋಡಿದವರಿಗೆ ಉತ್ತರ ಗೊತ್ತಾಗಿರಬೇಕು: ಬಿಎನ್‌ಸಿ ಪಿನ್ 50 ಓಮ್‌ನದಾದರೂ ಚಿತ್ರದಲ್ಲಿ ವ್ಯತ್ಯಾಸ ಕಾಣದು. ಇವತ್ತಿನ ಮಾನದಂಡದ 50 ಮತ್ತು 75 ಓಮ್ ಬಿಎನ್‌ಸಿಗಳು ಒಂದಕ್ಕೊಂದು ಹಾನಿಯಿಲ್ಲದೆ ಕೂಡಿಕೊಳ್ಳುತ್ತವೆ. ಬೆಲ್ ಲ್ಯಾಬ್ಸ್‌ನ ಪಾಲ್ ನೀಲ್ ಮತ್ತು ಆಂಫಿನಾಲ್ ಕಂಪನಿಯ ಕಾರ್ಲ್ ಕಾನ್ಸೆಲ್‌ಮನ್ ಅವರ ಹೆಸರುಗಳಿಂದ ‘ಎನ್’, ‘ಸಿ’ ಎಂಬ ಎರಡು ಅಕ್ಷರಗಳನ್ನು ಪಡೆದ ಈ ಕನೆಕ್ಟರ್ ಮೊದಲು 50 ಓಮ್‌ನದಾಗಿಯೇ ಬಂತು. 75 ಓಮ್‌ನದು ಆಮೇಲಿನದು.

ಆದರೆ ಪಿನ್ನಿನ ಮಾತು ಬೇರೆ, ಇಡೀ ಕೇಬಲಿನ ಮಾತು ಬೇರೆ. ಪಿನ್ 2 ಸೆಂಟಿಮೀಟರ್, ಕೇಬಲ್ ನೂರು ಮೀಟರ್. ಎಲ್ಲೋ ಉಳಿದಿದ್ದ ಆರ್‌ಜಿ-58 ರೋಲನ್ನು ಕ್ಯಾಮೆರಾಗೆ ಎಳೆದರೆ ಎರಡೂ ತುದಿಯಲ್ಲಿ 75 ಓಮ್ ಉಪಕರಣ, ನಡುವೆ ನೂರು ಮೀಟರ್ 50 ಓಮ್ ಕೇಬಲ್. ರೆಕಾರ್ಡರಿನ ತುದಿಯಿಂದ ಮರಳಿದ ಅಲೆ ಕ್ಯಾಮೆರಾ ತುದಿಗೆ ಬಡಿದು ಮತ್ತೆ ಬರುವಷ್ಟರಲ್ಲಿ ಒಟ್ಟು ಇನ್ನೂರು ಮೀಟರ್ ಓಡಿರುತ್ತದೆ, ಅದಕ್ಕೆ ಸುಮಾರು ಒಂದು ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಹಳೆಯ ಟಿವಿ ಪದ್ಧತಿಯಾದ ಪಾಲ್ (ಪಿಎಎಲ್) ವಿಡಿಯೊದಲ್ಲಿ ಪರದೆಯ ಒಂದು ಗೆರೆ ಬರೆಯಲು ಬೇಕಾಗುವ ಸಮಯ 52 ಮೈಕ್ರೊಸೆಕೆಂಡ್. ಹಾಗಾಗಿ ಆ ತಡವಾದ ಅಲೆ ಪರದೆಯ ಅಗಲದ ಸುಮಾರು ಐವತ್ತನೇ ಒಂದು ಭಾಗದಷ್ಟು ಬಲಕ್ಕೆ ಸರಿದು, ವಸ್ತುಗಳ ಅಂಚಿನಲ್ಲಿ ತೆಳು ನೆರಳಾಗಿ ಕಾಣಿಸುತ್ತದೆ. ಟಿವಿ ಕಾಲದವರು ಇದನ್ನೇ ಗೋಸ್ಟ್ ಎನ್ನುತ್ತಿದ್ದುದು. ಈ ನೆರಳನ್ನು ಪಿನ್ ಬದಲಿಸಿ ಹೋಗಲಾಡಿಸಲು ಆಗದು.

ಕ್ಯಾಮೆರಾ ಚಿತ್ರ ಕೆಡುವ ಬಹುತೇಕ ಪ್ರಸಂಗಗಳಲ್ಲಿ ಓಮ್‌ನ ಪಾತ್ರವೇ ಇರುವುದಿಲ್ಲ ಎಂದು ನಾನು ಒತ್ತಿ ಹೇಳುತ್ತೇನೆ. ಪಿನ್ ಕೇಬಲಿಗೆ ಗಾತ್ರದಲ್ಲಿ ಹೊಂದದಿರುವುದು ಮೊದಲ ಕಾರಣ. ಆರ್‌ಜಿ-58ರ ಹೊರವ್ಯಾಸ ಸುಮಾರು 5 ಮಿಲಿಮೀಟರ್, ಆರ್‌ಜಿ-59ರದು ಸುಮಾರು 6.1, ಆರ್‌ಜಿ-6ರದು ಸುಮಾರು 6.9. ಒಂದು ಕೋಆಕ್ಸ್ ಜೊತೆ ಮೂರು ತಂತಿಗಳಿರುವ, ಮಾರುಕಟ್ಟೆಯ ತ್ರೀ ಪ್ಲಸ್ ಒನ್ ಕೇಬಲಿನ ಒಳಗಿನ ಕೋಆಕ್ಸ್ ಇನ್ನೂ ಸಣ್ಣದಿರುತ್ತದೆ. ಒಂದಕ್ಕೆ ಮಾಡಿದ ಪಿನ್ನನ್ನು ಇನ್ನೊಂದಕ್ಕೆ ಹಾಕಿ ಇಕ್ಕಳದಿಂದ ಒತ್ತಿದರೆ ಕವಚದ ಹಿಡಿತ ಸಡಿಲವಾಗಿಯೇ ಉಳಿಯುತ್ತದೆ. ಹೆಣಿಗೆಯ ಒಂದು ಎಳೆ ನಡುವಿನ ತಂತಿಗೆ ತಾಗಿದರಂತೂ ಚಿತ್ರವೇ ಇಲ್ಲ. ಎರಡನೆಯ ಕಾರಣ ನೀರು. ಖಾನಾಪುರದ ಕಡೆಯ ಮುಂಗಾರಿನಲ್ಲಿ ಮುಚ್ಚದೆ ಬಿಟ್ಟ ಜಾಯಿಂಟಿನೊಳಗೆ ನೀರಿಳಿದು ಹೆಣಿಗೆ ಕಪ್ಪಾಗುತ್ತದೆ. ಕೇಬಲಿನ ಮೂಲಕವೇ ಒಳಕ್ಕೆ ನಡೆದ ನೀರು ಫೋಮ್‌ನ ಗುಣವನ್ನೇ ಬದಲಿಸುತ್ತದೆ, ಆಗ 75 ಓಮ್ ಕೇಬಲ್ ಆ ಜಾಗದಲ್ಲಿ 75 ಓಮ್ ಆಗಿ ಉಳಿಯುವುದಿಲ್ಲ.

ಡಿಶ್‌ನ ವಿಷಯ

ಡಿಶ್ ಮುಂದೆ ಉಪಗ್ರಹದ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಸಾಧನದಿಂದ ಸೆಟ್‌ಟಾಪ್ ಬಾಕ್ಸಿಗೆ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್ ವ್ಯಾಪ್ತಿಯದು. ಇಲ್ಲಿ ಪಿನ್ನಿನ ಓಮ್ ಲೆಕ್ಕಕ್ಕೆ ಬರುತ್ತದೆ. ಸುದೈವದಿಂದ ಡಿಶ್‌ಗೆ ಬಳಸುವ ಎಫ್ ಕನೆಕ್ಟರ್ 75 ಓಮ್‌ಗೆಂದೇ ಹುಟ್ಟಿದ್ದು, ಮತ್ತು ಅದರ ಉಪಾಯ ಬಲು ಜಾಣತನದ್ದು: ಅದಕ್ಕೆ ತನ್ನದೇ ಪಿನ್ ಇಲ್ಲ, ಕೇಬಲಿನ ನಡುವಿನ ಗಟ್ಟಿ ತಂತಿಯೇ ಪಿನ್. ಆದ್ದರಿಂದಲೇ ಅದು ಅಗ್ಗ. ಆದ್ದರಿಂದಲೇ ಹಲವು ಎಳೆಗಳ ನಡುತಂತಿಯಿರುವ ಆರ್‌ಜಿ-58 ಅದಕ್ಕೆ ಸಲ್ಲದು. ಮನೆಯ ಗೋಡೆಯಲ್ಲಿ ಎಫ್‌ನಿಂದ ಬಿಎನ್‌ಸಿ, ಬಿಎನ್‌ಸಿಯಿಂದ ಮತ್ತೆ ಎಫ್ ಎಂದು ಅಡಾಪ್ಟರುಗಳ ಸರ ಪೋಣಿಸಿದರೆ ಮಾತ್ರ ಪ್ರತಿಯೊಂದೂ ಒಂದೊಂದು ಗಂಟಾಗುತ್ತದೆ. ಆಕಾಶ ನಿರ್ಮಲವಾಗಿದ್ದಾಗ ಎಲ್ಲ ಚಾನೆಲ್ ಬರುತ್ತವೆ. ಮಳೆಮೋಡ ಸಿಗ್ನಲನ್ನು ತಗ್ಗಿಸಿದ ದಿನ ಮೊದಲು ಮಾಯವಾಗುವುದು ಅಂಥ ಮನೆಯ ಚಾನೆಲುಗಳು.

ಮದುವೆ ಮಂಟಪದ ಎಸ್‌ಡಿಐ ಕೇಬಲ್

ಬಿಎನ್‌ಸಿ ಪಿನ್ನಿನ ಓಮ್ ನಿಜವಾಗಿ ಮುಖ್ಯವಾಗುವ ಕಡೆಯೂ ಒಂದಿದೆ. ಮದುವೆ, ಜಾತ್ರೆ, ಸಮಾವೇಶಗಳಲ್ಲಿ ಮೂರು ನಾಲ್ಕು ಕ್ಯಾಮೆರಾ ಇಟ್ಟು ಎಲ್‌ಇಡಿ ಪರದೆಗೆ ನೇರ ಚಿತ್ರ ಕೊಡುವ ಛಾಯಾಗ್ರಾಹಕರು ಎಸ್‌ಡಿಐ ಕೇಬಲ್ ಬಳಸುತ್ತಾರೆ. ನೋಡಲು ಸಿಸಿಟಿವಿಯ ಬಿಎನ್‌ಸಿಯೇ. ಆದರೆ ಅದರಲ್ಲಿ ಹರಿಯುವುದು ಸೆಕೆಂಡಿಗೆ 1.485 ಗಿಗಾಬಿಟ್ ವೇಗದ ಅಂಕೀಯ ಸಿಗ್ನಲ್. ಪೂರ್ಣ ಎಚ್‌ಡಿಯಲ್ಲಿ 50 ಫ್ರೇಮ್ ಬೇಕಾದರೆ 2.97 ಗಿಗಾಬಿಟ್, 4ಕೆ ಆದರೆ 11.88.

ಅಂಕೀಯ ಸಿಗ್ನಲಿನ ಸ್ವಭಾವ ತಿಳಿದಿರಬೇಕು. ಹಳೆಯ ವಿಡಿಯೊ ಸ್ವಲ್ಪ ಸ್ವಲ್ಪವಾಗಿ ಕೆಡುತ್ತಿತ್ತು, ನೆರಳು ಕಂಡಾಗಲೇ ಎಚ್ಚರವಾಗುತ್ತಿತ್ತು. ಎಸ್‌ಡಿಐ ಕೊನೆಯ ಕ್ಷಣದವರೆಗೂ ಅಚ್ಚುಕಟ್ಟಾಗಿರುತ್ತದೆ. ಮರಳಿದ ಅಲೆಗಳು ಒಂದು ಮಿತಿ ದಾಟಿ ಒಂದು–ಸೊನ್ನೆ ಗುರುತಿಸಲಾಗದಂತೆ ಆದೊಡನೆ ಚುಕ್ಕೆಗಳು, ಮರುಕ್ಷಣ ಕಪ್ಪು ಪರದೆ. 20 ಮೀಟರಿಗೆ ಚೆನ್ನಾಗಿ ನಡೆದ 50 ಓಮ್ ಪಿನ್ನಿನ ಕೇಬಲ್, ಇನ್ನೊಂದು ಜೋಡಣೆ ಸೇರಿಸಿ 60 ಮೀಟರ್ ಮಾಡಿದಾಗ ಅಕ್ಷತೆಯ ಹೊತ್ತಿಗೆ ಕೈಕೊಡಬಹುದು. ಇಲ್ಲಿ 75 ಓಮ್ ಎಂದು ಸ್ಪಷ್ಟವಾಗಿ ನಮೂದಿಸಿದ ಪಿನ್, ಅದಕ್ಕೆ ಹೊಂದುವ ಕೇಬಲ್, ಪಿನ್ನನ್ನು ಕೇಬಲಿಗೆ ಒತ್ತಿ ಕೂರಿಸುವ ಸರಿಯಾದ ಕ್ರಿಂಪಿಂಗ್ ಉಪಕರಣ ಮೂರೂ ಬೇಕು. ದುಡ್ಡು ಉಳಿಸುವ ಜಾಗ ಇದಲ್ಲ.

ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ? ಸಾಮಾನ್ಯವಾಗಿ ಗೊತ್ತಾಗುತ್ತದೆ. ಪಿನ್ನಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. 50 ಓಮ್‌ನದರಲ್ಲಿ ನಡುವಿನ ಸಂಪರ್ಕದ ಸುತ್ತ ಬಿಳಿ ಟೆಫ್ಲಾನ್ ತೋಳು ಮುಂದಿನವರೆಗೂ ಬಂದಿರುತ್ತದೆ. 75 ಓಮ್‌ನದರಲ್ಲಿ ಆ ತೋಳು ಬಹಳ ಕಡಿಮೆ ಅಥವಾ ಇಲ್ಲ, ಸುತ್ತ ಬರಿ ಗಾಳಿ. ವಸ್ತು ಕಡಿಮೆಯಾದಷ್ಟೂ ಇಂಪೀಡೆನ್ಸ್ ಏರುತ್ತದೆ ಎಂಬ ನಿಯಮವೇ ಇಲ್ಲಿ ಕಣ್ಣಿಗೆ ಕಾಣುತ್ತಿದೆ. ತಯಾರಕರು ಬೇರೆ ಉಪಾಯಗಳನ್ನೂ ಬಳಸುವುದುಂಟು, ಹಾಗಾಗಿ ಅನುಮಾನವಿದ್ದರೆ ಪೊಟ್ಟಣದ ಮೇಲಿನ ಬರಹವೇ ಪ್ರಮಾಣ.

ಎನ್ ಟೈಪ್: ಇಲ್ಲಿ ಒತ್ತಬೇಡಿ

ಇದುವರೆಗೆ ಹೇಳಿದ್ದೆಲ್ಲ ಸಿಗ್ನಲಿಗೆ ಆಗುವ ನಷ್ಟದ ಕಥೆ. ಎನ್ ಟೈಪ್ ಕನೆಕ್ಟರಿನಲ್ಲಿ ಲೋಹಕ್ಕೇ ಹಾನಿಯಾಗುತ್ತದೆ. ಹೆಬ್ಬೆರಳಿನ ದಪ್ಪದ ಈ ತಿರುಪಿನ ಕನೆಕ್ಟರನ್ನು ಮೊಬೈಲ್ ಟವರುಗಳಲ್ಲಿ, ಛಾವಣಿಯ ಮೇಲಿನ ವೈಫೈ ಆಂಟೆನಾಗಳಲ್ಲಿ, ಅಳತೆಯ ಉಪಕರಣಗಳಲ್ಲಿ ಕಾಣಬಹುದು. ನಮ್ಮ ಕೈಗೆ ಸಿಗುವುದು ಹೆಚ್ಚಾಗಿ 50 ಓಮ್‌ನದು. ಕೇಬಲ್ ಟಿವಿಯ ದಪ್ಪ ಮಾರ್ಗಗಳಲ್ಲಿ, ಅವುಗಳ ಅಳತೆ ಉಪಕರಣಗಳಲ್ಲಿ 75 ಓಮ್‌ನದೂ ಇರುತ್ತದೆ. ಎರಡರ ಹೊರಗಿನ ತಿರುಪು ಒಂದೇ. ಒಳಗಿನ ಪಿನ್ ಬೇರೆ: 50 ಓಮ್‌ನದು ಸುಮಾರು 1.6 ಮಿಲಿಮೀಟರ್, 75 ಓಮ್‌ನದು ಸುಮಾರು 0.9 ಮಿಲಿಮೀಟರ್.

50ರ ಗಂಡು ಪಿನ್ನನ್ನು 75ರ ಹೆಣ್ಣು ಭಾಗಕ್ಕೆ ತಿರುಪಿದರೆ, ಸೀಳಿ ಮಾಡಿದ ಆ ಸಣ್ಣ ಲೋಹದ ಬೆರಳುಗಳ ನಡುವೆ ದಪ್ಪ ಪಿನ್ ನುಗ್ಗಿ ಅವನ್ನು ಅಗಲಿಸಿಬಿಡುತ್ತದೆ. ಹೊರಗಿನ ತಿರುಪಿಗೆ ಬಲ ಹೆಚ್ಚಿರುವುದರಿಂದ ಕೈಗೆ ಅದರ ಪ್ರತಿರೋಧವೇ ತಿಳಿಯದು. ಆಮೇಲೆ ಅದಕ್ಕೆ ಸರಿಯಾದ 75ರ ಪಿನ್ ಹಾಕಿದರೂ ಹಿಡಿತ ಬಾರದು. ತಿರುಗುಮುರುಗಾಗಿ 75ರ ಸಣ್ಣ ಪಿನ್ನನ್ನು 50ರ ಹೆಣ್ಣು ಭಾಗಕ್ಕೆ ಹಾಕಿದರೆ ಏನೂ ಮುರಿಯುವುದಿಲ್ಲ, ಆದರೆ ಸಂಪರ್ಕ ಆಗಾಗ ಬಂದು ಆಗಾಗ ಹೋಗುತ್ತದೆ. ದೋಷ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಎರಡು ಎನ್ ಕನೆಕ್ಟರುಗಳನ್ನು ಕೂಡಿಸುವ ಮುನ್ನ ಬಾಯಿ ನೋಡಿ, ಪಿನ್ನಿನ ದಪ್ಪ ಹೋಲಿಸಿ.

ಎನ್ ಟೈಪ್ ಎಂದೊಡನೆ ಮೊಬೈಲ್ ಬೂಸ್ಟರ್ ನೆನಪಾಗುವವರಿಗೆ ಒಂದು ಮಾತು: ಅಂಥ ಸಾಧನವನ್ನು ಅನುಮತಿಯಿಲ್ಲದೆ ಖಾಸಗಿಯಾಗಿ ಅಳವಡಿಸುವುದು ಕಾನೂನುಬಾಹಿರ, ಅದು ಸುತ್ತಲಿನವರ ನೆಟ್‌ವರ್ಕನ್ನೂ ಕೆಡಿಸುತ್ತದೆ.

ರೇಡಿಯೊ ಆಸಕ್ತರಿಗೆ

ಕಂಪ್ಯೂಟರಿಗೆ ಸಣ್ಣ ರಿಸೀವರ್ ಸಿಕ್ಕಿಸಿ ವಿಮಾನ, ಉಪಗ್ರಹಗಳ ಸಿಗ್ನಲ್ ಹಿಡಿಯುವ ವಿದ್ಯಾರ್ಥಿಗಳು ಈಗ ಎಲ್ಲೆಡೆ ಇದ್ದಾರೆ. ‘ರಿಸೀವರ್ 50 ಓಮ್, ನನ್ನ ಬಳಿ ಇರುವುದು ಡಿಶ್‌ನ ಆರ್‌ಜಿ-6, ನಡೆಯುತ್ತದೆಯೇ?’ ಎಂದು ಅವರು ಕೇಳುತ್ತಾರೆ. ಲೆಕ್ಕ ಹಾಕೋಣ. 1000 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-6 ನೂರು ಮೀಟರಿಗೆ ಸುಮಾರು 20 ಡೆಸಿಬೆಲ್ ನುಂಗುತ್ತದೆ, ಆರ್‌ಜಿ-58 ನುಂಗುವುದು 50ಕ್ಕಿಂತ ಹೆಚ್ಚು. ಛಾವಣಿಯಿಂದ ಕೋಣೆಗೆ 20 ಮೀಟರ್ ಎಂದುಕೊಂಡರೆ ಒಂದರಲ್ಲಿ 4 ಡೆಸಿಬೆಲ್, ಇನ್ನೊಂದರಲ್ಲಿ 10ಕ್ಕೂ ಮೇಲೆ. ಇಂಪೀಡೆನ್ಸ್ ಹೊಂದದ್ದರಿಂದ ಪ್ರತಿ ತುದಿಯಲ್ಲಿ ಆಗುವ ನಷ್ಟ 0.18. ಅಂದಮೇಲೆ ಕೇವಲ ಕೇಳಿಸಿಕೊಳ್ಳುವವರಿಗೆ ‘ಹೊಂದದ’ ಆರ್‌ಜಿ-6 ಕೇಬಲೇ ಹೊಂದುವ ಆರ್‌ಜಿ-58ಗಿಂತ ಎಷ್ಟೋ ಮೇಲು.

ಪರವಾನಗಿ ಪಡೆದು ಪ್ರಸಾರವನ್ನೂ ಮಾಡುವ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, ಇನ್ನೊಂದು ಸಂಗತಿ ಗಮನಿಸಬೇಕು. 50 ಓಮ್ ಆಂಟೆನಾಗೆ ಅಲೆಯುದ್ದದ ಕಾಲುಭಾಗದಷ್ಟು 75 ಓಮ್ ಕೇಬಲ್ ಹಾಕಿದರೆ ಇನ್ನೊಂದು ತುದಿಯಲ್ಲಿ ಅದು 112.5 ಓಮ್ ಆಗಿ ಕಾಣಿಸುತ್ತದೆ. ಅರ್ಧ ಅಲೆಯುದ್ದ ಹಾಕಿದರೆ ಮತ್ತೆ 50 ಆಗಿಯೇ ಕಾಣಿಸುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ, ಫೋಮ್ ಕೇಬಲಿನಲ್ಲಿ, ಆ ಅರ್ಧ ಅಲೆಯುದ್ದ ಸುಮಾರು 85 ಸೆಂಟಿಮೀಟರ್. ಕೇಬಲನ್ನು ಅದರ ಎರಡು, ಮೂರು, ನಾಲ್ಕು ಪಟ್ಟು ಹೀಗೆ ಪೂರ್ಣ ಪಟ್ಟುಗಳಲ್ಲಿ ಕತ್ತರಿಸಿದರೆ ಟ್ರಾನ್ಸ್‌ಮಿಟರಿಗೆ ನಡುವೆ 75 ಓಮ್ ಇದೆಯೆಂಬುದೇ ತಿಳಿಯದು.

ಕಾಲೇಜಿನ ಪ್ರಯೋಗಾಲಯದಲ್ಲಿ

ಬೆಳಗಾವಿಯಲ್ಲೇ ಕೇಂದ್ರವಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೊದಲ ವರ್ಷಗಳಲ್ಲೇ ಸಿಗ್ನಲ್ ಜನರೇಟರನ್ನು, ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿಗೆ ಬಿಎನ್‌ಸಿ ಕೇಬಲಿನಿಂದ ಜೋಡಿಸುತ್ತಾರೆ. ಜನರೇಟರಿನಲ್ಲಿ 1 ವೋಲ್ಟ್ ಇಟ್ಟರೆ ಆಸಿಲೋಸ್ಕೋಪ್ 2 ವೋಲ್ಟ್ ತೋರಿಸುವುದುಂಟು. ಉಪಕರಣ ಕೆಟ್ಟಿಲ್ಲ. ಜನರೇಟರ್ ತನ್ನ ಎದುರು 50 ಓಮ್ ಇದೆಯೆಂದು ಭಾವಿಸಿ ಅಂಕಿ ತೋರಿಸುತ್ತದೆ. ಆಸಿಲೋಸ್ಕೋಪಿನ ಒಳದಾರಿ ಸಾಮಾನ್ಯವಾಗಿ ಹತ್ತು ಲಕ್ಷ ಓಮ್. ಎದುರು 50 ಓಮ್ ಟರ್ಮಿನೇಟರ್, ಅಂದರೆ ತುದಿಗೆ ಹಾಕುವ ರೆಸಿಸ್ಟರ್, ಸೇರಿಸಿದರೆ ಅಂಕಿ 1ಕ್ಕೆ ಬರುತ್ತದೆ. ಅಲ್ಲಿ 75 ಓಮ್ ಟರ್ಮಿನೇಟರ್ ಸಿಕ್ಕಿಸಿದರೆ 1.2 ತೋರಿಸುತ್ತದೆ. ಪಿನ್ ಒಂದೇ ತೆರನಾಗಿ ಕೂರುವುದರಿಂದ ಈ ತಪ್ಪು ದಿನವಿಡೀ ಗಮನಕ್ಕೆ ಬಾರದೆ ಉಳಿಯುತ್ತದೆ.

ಹೊಂದಿಸಬೇಕೆಂದರೆ

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅಡಾಪ್ಟರ್ ಆಕಾರವನ್ನು ಮಾತ್ರ ಬದಲಿಸುತ್ತದೆ. ಎಫ್‌ನಿಂದ ಎನ್‌ಗೆ, ಬಿಎನ್‌ಸಿಯಿಂದ ಎಸ್‌ಎಂಎಗೆ ಕೂಡಿಸುವ ಆ ಲೋಹದ ತುಂಡು ಇಂಪೀಡೆನ್ಸನ್ನು ಹೊಂದಿಸುವುದಿಲ್ಲ. ನಿಜವಾಗಿ ಹೊಂದಿಸಲು ಎರಡು ದಾರಿಗಳಿವೆ. ಮೊದಲನೆಯದು ರೆಸಿಸ್ಟರುಗಳ ಪ್ಯಾಡ್: 75ರ ಕಡೆಗೆ ಸಾಲಿನಲ್ಲಿ 43.3 ಓಮ್, 50ರ ಕಡೆಗೆ ಅಡ್ಡಲಾಗಿ 86.6 ಓಮ್. ಎರಡೂ ಕಡೆಯಿಂದ ನೋಡಿದಾಗ ಅಲೆಗೆ ತನ್ನದೇ ಓಮ್ ಕಾಣುತ್ತದೆ, ಏನೂ ಮರಳುವುದಿಲ್ಲ. ಬದಲಿಗೆ 5.7 ಡೆಸಿಬೆಲ್ ತೆರಬೇಕು, ಅಂದರೆ ಶಕ್ತಿಯ ಸುಮಾರು ಮುಕ್ಕಾಲು ಭಾಗ ಬಿಸಿಯಾಗಿ ಹೋಗುತ್ತದೆ. ಶೇ 4 ಉಳಿಸಲು ಮುಕ್ಕಾಲು ಭಾಗ ಕಳೆಯುವ ಈ ಉಪಾಯ ಅಳತೆಯ ಕೆಲಸಕ್ಕೆ ಮಾತ್ರ ಸಲ್ಲುತ್ತದೆ. ಅಲ್ಲಿ ನಷ್ಟ ಎಷ್ಟೆಂದು ಗೊತ್ತಿದ್ದರೆ ಲೆಕ್ಕದಲ್ಲಿ ಕೂಡಿಸಿಕೊಳ್ಳಬಹುದು.

ಎರಡನೆಯದು ಸಣ್ಣ ಟ್ರಾನ್ಸ್‌ಫಾರ್ಮರ್. ಅದರಲ್ಲಿ ನಷ್ಟ ಬಹಳ ಕಡಿಮೆ, ಆದರೆ ಅದು ತನಗೆ ನಿಗದಿಯಾದ ಆವರ್ತನಗಳ ನಡುವೆ ಮಾತ್ರ ಕೆಲಸ ಮಾಡುತ್ತದೆ. ಇವೆರಡನ್ನೂ ಡಿಶ್ ಕೇಬಲಿನ ನಡುವೆ ಹಾಕಬಾರದು. ಅದೇ ಕೇಬಲಿನ ಮೂಲಕ ಸೆಟ್‌ಟಾಪ್ ಬಾಕ್ಸ್ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಡಿಸಿ ಕಳಿಸುತ್ತಿರುತ್ತದೆ. ಟ್ರಾನ್ಸ್‌ಫಾರ್ಮರಿನ ಸುರುಳಿ ಅದನ್ನು ನೇರವಾಗಿ ಕವಚಕ್ಕೆ ಶಾರ್ಟ್ ಮಾಡಬಹುದು. ಪ್ಯಾಡ್‌ನ ಅಡ್ಡ ರೆಸಿಸ್ಟರಿಗೆ 18 ವೋಲ್ಟ್ ಸಿಕ್ಕರೆ ಅದು ಮೂರೂವರೆ ವ್ಯಾಟ್‌ಗೂ ಹೆಚ್ಚು ಶಕ್ತಿಯನ್ನು ತಡೆಯಬೇಕಾಗುತ್ತದೆ. ಕಾಲು ವ್ಯಾಟ್‌ನ ಸಣ್ಣ ರೆಸಿಸ್ಟರ್ ಅಲ್ಲಿ ಸುಟ್ಟುಹೋಗುತ್ತದೆ.